ಕುರ್ಚಿಗೋ, ಪಾಳಿಗೋ? ಫುಟ್‌ಬಾಲ್ ಕ್ಲಬ್‌ಗಳ ದುಬಾರಿ ಸೀಟಿನ ಲೆಕ್ಕ

ಅಣ್ಣನ ಮಗ ಲಂಡನ್ನಿನಲ್ಲಿದ್ದಾನೆ. ಹೋದ ತಿಂಗಳು ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಮಾಡಿದ. "ಕಾಕಾ, ನಮ್ಮ ಕ್ಲಬ್ಬಿನ್ಯಾಗ ಪ್ರೀಮಿಯಂ ಸೀಟು ಖಾಲಿ ಅದಾವಂತ. ವರ್ಷದ ಮೆಂಬರ್‌ಶಿಪ್. ರೊಕ್ಕ ಮಾತ್ರ ಭಾಳ ಹೇಳಾಕತ್ತಾರ. ತಗೊಳ್ಳಲ್ಯೋ ಬ್ಯಾಡೋ? ಅಪ್ಪಗ ಹೇಳಬ್ಯಾಡ್ರಿ ಮತ್ತ, ರೂಪಾಯಿ ಲೆಕ್ಕ ಹಾಕಿ ಬೈತಾರ" ಅಂದ.

ನಾನು ಹುಬ್ಬಳ್ಳಿಯಲ್ಲಿ ಅಂಗಡಿಗಳ ಲೆಕ್ಕ ಬರೆಯುವವನು. ಫುಟ್‌ಬಾಲ್ ಹುಚ್ಚು ಹತ್ತಿದ್ದು ಚಿಕ್ಕವನಿದ್ದಾಗ, ರೈಲ್ವೆ ಕಾಲೊನಿಯ ಹುಡುಗರ ಜೊತೆ ಬರಿಗಾಲಲ್ಲಿ ಆಡಿ. ಹಾಗಾಗಿ ಈ ಪ್ರಶ್ನೆ ಕೇಳಿದ ಕೂಡಲೇ ನಿದ್ದೆ ಹಾರಿತು. ಹೌದು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಒಂದೇ ಮಾತು ಕೇಳಿದೆ. "ಹೋದ ವರ್ಷ ಎಷ್ಟು ಮ್ಯಾಚಿಗೆ ಹೋಗಿದ್ದಿ? ಅಂದಾಜು ಬ್ಯಾಡ, ಎಣಿಸಿ ಹೇಳು." ಅವನಿಗೆ ಗೊತ್ತಿರಲಿಲ್ಲ. ಮೇಲ್ ಎಲ್ಲ ತೆಗೆದು ನೋಡಿ ಹೇಳ್ತೀನಿ ಅಂದು ಫೋನ್ ಇಟ್ಟ.

ಅವನ ಉತ್ತರ ಬರೋಕೆ ಎರಡು ದಿನ ಹಿಡೀತು. ಅಷ್ಟರಲ್ಲಿ ನಾನು ಈ ವಿಷಯವನ್ನೆಲ್ಲ ಬಿಡಿಸಿ ಬರೆದಿಟ್ಟೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಈಗ ಲಂಡನ್, ಮ್ಯೂನಿಕ್, ಡಲ್ಲಾಸ್ ಅಂತ ಹೋಗಿದ್ದಾರೆ. ಅವರಿಗೂ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಹಾಕಿದ್ದೇನೆ.

ಮೊದಲು 'ಮೆಂಬರ್‌ಶಿಪ್' ಅನ್ನೋ ಪದದ ಗೊಂದಲ ಬಗೆಹರಿಸಬೇಕು. ಒಂದೇ ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನಲ್ಲಿ ಸದಸ್ಯ ಅಂದರೆ ಮಾಲೀಕರಲ್ಲಿ ಒಬ್ಬ. ಅವರನ್ನು ಸೋಸಿ ಅಂತಾರೆ. ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ, ಕ್ಲಬ್ಬಿನ ಅಧ್ಯಕ್ಷನನ್ನು ಓಟು ಹಾಕಿ ಆರಿಸುವವರು ಅವರೇ. ನಮ್ಮ ಹಳ್ಳಿಯ ಸಹಕಾರಿ ಸಂಘದ ಹಾಗೆ. ಜರ್ಮನಿಯಲ್ಲಿ '50+1' ಅನ್ನೋ ನಿಯಮ ಇದೆ. ಒಂದೆರಡು ಕ್ಲಬ್ಬು ಬಿಟ್ಟರೆ, ಎಷ್ಟೇ ದೊಡ್ಡ ಶ್ರೀಮಂತ ಹಣ ಹಾಕಿದರೂ ಮತದ ಹೆಚ್ಚಿನ ಪಾಲು ಸದಸ್ಯರ ಕೈಯಲ್ಲೇ ಇರಬೇಕು.

ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳ ಮೆಂಬರ್‌ಶಿಪ್ ಹಾಗಲ್ಲ. ಅಲ್ಲಿ ಅಗ್ಗದ ಮೆಂಬರ್‌ಶಿಪ್ ಅಂದರೆ ಪಾಳಿಯಲ್ಲಿ ನಿಲ್ಲುವ ಹಕ್ಕು. ವರ್ಷಕ್ಕೆ ಸ್ವಲ್ಪ ಹಣ ಕೊಟ್ಟರೆ ಟಿಕೆಟ್ ಸಾರ್ವಜನಿಕರಿಗೆ ಬಿಡುವ ಮೊದಲು ನಿಮಗೆ ಅರ್ಜಿ ಹಾಕಲು ಬಿಡುತ್ತಾರೆ. ಟಿಕೆಟ್ ಸಿಕ್ಕೇ ಸಿಗುತ್ತದೆ ಅಂತಿಲ್ಲ, ಸಿಕ್ಕರೆ ಅದಕ್ಕೆ ಬೇರೆ ಹಣ. ಎರಡನೆಯದು ಸೀಸನ್ ಟಿಕೆಟ್. ವರ್ಷವಿಡೀ ಒಂದೇ ಸೀಟು ನಿಮ್ಮದು. ಮೂರನೆಯದೇ ಪ್ರೀಮಿಯಂ ಸದಸ್ಯತ್ವ, ಅಂದರೆ ಒಳ್ಳೆಯ ಜಾಗದ ಸೀಟು, ಜೊತೆಗೆ ಬೆಚ್ಚಗಿನ ಲೌಂಜ್, ಬಾರು, ಊಟದ ವ್ಯವಸ್ಥೆ. ಇನ್ನು ಒಂದೇ ಮ್ಯಾಚಿಗೆ ಊಟದ ಸಮೇತ ಕೊಳ್ಳುವ ಹಾಸ್ಪಿಟಾಲಿಟಿ ಪ್ಯಾಕೇಜು ಬೇರೆ, ಹತ್ತು ಹದಿನೈದು ಜನ ಕೂರುವ ಬಾಕ್ಸ್ ಬೇರೆ.

ಅಮೆರಿಕದವರ ಫುಟ್‌ಬಾಲೇ ಬೇರೆ ಆಟ, ಅಲ್ಲಿಯ ಪದ್ಧತಿಯೂ ಬೇರೆ. ಅಲ್ಲಿಯ ಎಷ್ಟೋ ತಂಡಗಳಲ್ಲಿ ಸೀಟ್ ಲೈಸೆನ್ಸ್ ಅಂತ ಒಂದನ್ನು ಮೊದಲು ಕೊಳ್ಳಬೇಕು. ಅದು ಟಿಕೆಟ್ ಅಲ್ಲ, ಪ್ರತಿ ವರ್ಷ ಟಿಕೆಟ್ ಕೊಳ್ಳುವ ಹಕ್ಕು ಅಷ್ಟೇ. ನಮ್ಮಲ್ಲಿ ಅಂಗಡಿಗೆ ಪಗಡಿ ಕೊಟ್ಟು ಆಮೇಲೆ ತಿಂಗಳಾ ಬಾಡಿಗೆಯನ್ನೂ ಕಟ್ಟುವ ಹಾಗೆ. ನ್ಯೂಯಾರ್ಕಿನ ಜೈಂಟ್ಸ್ ತಂಡ 2010ರಲ್ಲಿ ಹೊಸ ಸ್ಟೇಡಿಯಂಗೆ ಹೋದಾಗ ಈ ಪಗಡಿ ಸೀಟಿಗೆ 1,000 ಡಾಲರಿನಿಂದ 20,000 ಡಾಲರ್ ತನಕ ಇತ್ತು. ಅಲ್ಲಿ ಒಂದು ತಂಡಕ್ಕೆ ಲೀಗಿನಲ್ಲಿ 17 ಮ್ಯಾಚು ಮಾತ್ರ, ತವರಿನಲ್ಲಿ ಎಂಟೋ ಒಂಬತ್ತೋ. ಡಲ್ಲಾಸ್ ಕಡೆ ಇರುವವರು ಈ ಸಂಖ್ಯೆಯನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ.

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್ಬು, ಒಬ್ಬೊಬ್ಬರಿಗೆ 38 ಮ್ಯಾಚು, ತವರಿನಲ್ಲಿ 19. ಸೀಸನ್ ಟಿಕೆಟ್ ಅಂದರೆ ಬಹಳ ಕಡೆ ಈ 19 ಮ್ಯಾಚು. ಲೀಗಿನ ಹೊರಗಿನ ಕಪ್ ಮ್ಯಾಚು, ಬೇರೆ ದೇಶದ ಕ್ಲಬ್ಬುಗಳ ಜೊತೆ ಆಡುವ ಯುರೋಪಿನ ಮ್ಯಾಚು ಸೇರಿವೆಯೋ ಇಲ್ಲವೋ ಅನ್ನೋದು ಕ್ಲಬ್ಬಿನಿಂದ ಕ್ಲಬ್ಬಿಗೆ ಬದಲಾಗುತ್ತದೆ. ಇದನ್ನು ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಬೇಕು. ಒಳ್ಳೆ ತಂಡ ಅಂದರೆ ವರ್ಷಕ್ಕೆ ಏಳೆಂಟು ಮ್ಯಾಚು ಈ ಬಗೆಯವೇ ಇರುತ್ತವೆ.

ಬೆಲೆ ಇಷ್ಟು ಏರಿದ್ದು ಯಾಕೆ?

ಇದಕ್ಕೆ ಒಂದು ನೋವಿನ ಚರಿತ್ರೆ ಇದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ ನೂಕುನುಗ್ಗಲಾಗಿ 97 ಜನ ಲಿವರ್‌ಪೂಲ್ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಜನ ನಿಂತು ನೋಡುತ್ತಿದ್ದ ಕಟ್ಟೆ, ಸುತ್ತ ಬೇಲಿ, ಪೊಲೀಸರ ತಪ್ಪು ನಿರ್ವಹಣೆ. 1990ರಲ್ಲಿ ಬಂದ ಟೇಲರ್ ತನಿಖಾ ವರದಿಯ ಮೇಲೆ ದೊಡ್ಡ ಕ್ಲಬ್ಬುಗಳೆಲ್ಲ ನಿಲ್ಲುವ ಜಾಗ ತೆಗೆದು ಪೂರ್ತಿ ಕುರ್ಚಿ ಹಾಕಬೇಕಾಯಿತು. ಕುರ್ಚಿ ಹಾಕಿದ ಮೇಲೆ ಅದೇ ಜಾಗದಲ್ಲಿ ಕಡಿಮೆ ಜನ ಹಿಡಿಯುತ್ತಾರೆ. ಸ್ಟೇಡಿಯಂ ಕಟ್ಟಲು, ತಿದ್ದಲು ಕೋಟಿಗಟ್ಟಲೆ ಬೇಕು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾಗಿ ಟಿವಿ ಹಣ ಬಂತು, ಆಟಗಾರರ ಸಂಬಳ ಏರಿತು. ಒಂದು ಮ್ಯಾಚಿನ ದಿನ ಒಂದು ಸೀಟಿನಿಂದ ಎಷ್ಟು ಹುಟ್ಟುತ್ತದೆ ಅನ್ನೋ ಲೆಕ್ಕ ಆಗ ಶುರುವಾಯಿತು.

ಆರ್ಸೆನಲ್ ನೋಡಿ. ಹಳೆಯ ಹೈಬರಿ ಮೈದಾನದಲ್ಲಿ 38 ಸಾವಿರ ಚಿಲ್ಲರೆ ಜನ. 2006ರಲ್ಲಿ ಎಮಿರೇಟ್ಸ್ ಸ್ಟೇಡಿಯಂಗೆ ಹೋದಾಗ 60 ಸಾವಿರ ದಾಟಿತು. ಆ ಕಟ್ಟಡವನ್ನು ಅಡ್ಡ ಸೀಳಿ ನೋಡಿದರೆ ನಾಲ್ಕು ಸುತ್ತು ಕಾಣುತ್ತವೆ. ಕೆಳಗೊಂದು, ತುದಿಯಲ್ಲೊಂದು, ಎರಡೂ ಸಾಮಾನ್ಯರಿಗೆ. ನಡುವಿನ ಎರಡು ದುಬಾರಿ. ಒಂದು ಕ್ಲಬ್ ಲೆವೆಲ್, ಅದರ ಮೇಲೆ ಬಾಕ್ಸುಗಳು. ಅಂದರೆ ಎಲ್ಲಕ್ಕಿಂತ ಒಳ್ಳೆಯ ನೋಟ ಸಿಗುವ ಎತ್ತರವನ್ನು ಕಟ್ಟುವಾಗಲೇ ದುಬಾರಿ ಸೀಟಿಗೆ ಅಂತ ತೆಗೆದಿಟ್ಟರು. 2019ರಲ್ಲಿ ಶುರುವಾದ ಟಾಟನ್‌ಹ್ಯಾಮ್ ಸ್ಟೇಡಿಯಂ ಇನ್ನೂ ಮುಂದೆ ಹೋಯಿತು. ಆಟಗಾರರು ಮೈದಾನಕ್ಕೆ ಬರುವ ಸುರಂಗಕ್ಕೆ ಗಾಜಿನ ಗೋಡೆ ಹಾಕಿ, ಆ ಕಡೆ ಲೌಂಜ್ ಮಾಡಿದರು. ಅದೇ ಸ್ಟೇಡಿಯಂನ ದಕ್ಷಿಣ ತುದಿಯಲ್ಲಿ 17,500 ಜನ ಒಂದೇ ಇಳಿಜಾರಿನಲ್ಲಿ ಕೂತು ಕೂಗುವ ಸ್ಟ್ಯಾಂಡ್ ಕೂಡ ಇದೆ. ಎರಡೂ ಬೇಕು ಅಂತ ಕಟ್ಟಿದವರಿಗೆ ಗೊತ್ತಿತ್ತು.

ಕ್ಲಬ್ಬುಗಳು ಇಷ್ಟು ಹಸಿದು ಹಣ ಹುಡುಕಲು ಇನ್ನೊಂದು ಕಾರಣವೂ ಇತ್ತು. ಮಾಲೀಕ ಎಷ್ಟೇ ಸಾಹುಕಾರ ಇರಲಿ, ಸುಮ್ನೆ ಹಣ ಸುರಿಯಲು ಬಿಡಲಿಲ್ಲ. ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡಿಗಿಂತ ಜಾಸ್ತಿ ನಷ್ಟ ತೋರಿಸಬಾರದು ಅಂತ ಲೀಗ್ ನಿಯಮ ಮಾಡಿತು. ಆಟಗಾರನನ್ನು ಕೊಳ್ಳಬೇಕಾದರೆ ಆದಾಯ ತೋರಿಸಬೇಕು. ಟಿವಿ ಹಣ ಲೀಗಿನ ಕೈಯಲ್ಲಿದೆ. ತನ್ನ ಕೈಯಲ್ಲಿ ಇರೋದು ತನ್ನ ಸ್ಟೇಡಿಯಂ. ಅದರಲ್ಲೂ ಸಾಮಾನ್ಯ ಸೀಟಿನ ಬೆಲೆ ಏರಿಸಿದರೆ ಜನ ಎದ್ದು ಹೋಗುತ್ತಾರೆ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್‌ನಲ್ಲಿ ಹಾಗೇ ಆಯಿತು. 77 ಪೌಂಡಿನ ಟಿಕೆಟ್ ಬರುತ್ತದೆ ಅಂತ ತಿಳಿದು, ಆಟದ 77ನೇ ನಿಮಿಷಕ್ಕೆ ಸುಮಾರು 10,000 ಜನ ಎದ್ದು ಹೊರಗೆ ನಡೆದರು. ಆಗ ತಂಡ 2-0 ಮುಂದಿತ್ತು, ಮ್ಯಾಚು 2-2ಕ್ಕೆ ಮುಗಿಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಆ ಬೆಲೆ ಕೈಬಿಟ್ಟರು. ನನಗೆ ಇವತ್ತಿಗೂ ಆ ಜನರ ಬಗ್ಗೆ ಗೌರವ ಇದೆ. ಪ್ರೀಮಿಯಂ ಸೀಟಿನವರು ಹೀಗೆ ಎದ್ದು ಹೋಗೋದು ಕಡಿಮೆ. ಅದಕ್ಕೇ ಬೆಲೆ ಏರಿಸಲು ಕ್ಲಬ್ಬಿಗೆ ಸುಲಭವಾದ ಜಾಗ ಅದು.

ಖಾನಾವಳಿಯ ತಿಂಗಳ ಲೆಕ್ಕ

ಧಾರವಾಡದಲ್ಲಿ ಓದುವಾಗ ನಾನು ಒಂದು ಖಾನಾವಳಿಯಲ್ಲಿ ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದೆ. ದಿನಕ್ಕೆ ಎರಡು ಊಟ, ತಿಂಗಳಿಗೆ 60. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮಜ್ಜಿಗೆ. ಬಿಡಿ ಊಟಕ್ಕಿಂತ ತಿಂಗಳ ಲೆಕ್ಕ ಬಹಳ ಅಗ್ಗ ಅಂತ ಹಣ ಮೊದಲೇ ಕಟ್ಟಿದ್ದೆ. ಪಂಚಮಿಗೆ ಊರಿಗೆ ಹೋದವನು ಎಂಟು ದಿನ ಅಲ್ಲೇ ಉಳಿದೆ. ಮೂರು ದಿನ ಮೊದಲೇ ಹೇಳಿದ್ದರೆ ಮಾತ್ರ ರಜೆ ಹಿಡಿಯುತ್ತಿದ್ದರು, ನಾನು ಹೇಳಿರಲಿಲ್ಲ. 16 ಊಟ ಹೋದವು. ಲೆಕ್ಕಕ್ಕೆ 60, ಹೊಟ್ಟೆಗೆ 44. ಆ ತಿಂಗಳು ಬಿಡಿ ಊಟವೇ ಅಗ್ಗ ಬೀಳುತ್ತಿತ್ತು.

ಸೀಸನ್ ಟಿಕೆಟ್ಟಿನ ಗುಟ್ಟೆಲ್ಲ ಇಷ್ಟೇ. ಕ್ಲಬ್ಬಿನವರು ಬೆಲೆಯನ್ನು 19ರಿಂದ ಭಾಗಿಸಿ ತೋರಿಸುತ್ತಾರೆ. ನೀವು ಭಾಗಿಸಬೇಕಾದ್ದು ನೀವು ನಿಜವಾಗಿ ಹೋಗುವ ಮ್ಯಾಚಿನ ಸಂಖ್ಯೆಯಿಂದ.

ಲೆಕ್ಕ ಸುಲಭವಾಗಲಿ ಅಂತ ಕಾಲ್ಪನಿಕ ಬೆಲೆ ಇಟ್ಟುಕೊಳ್ಳೋಣ. ಸಾಮಾನ್ಯ ಸೀಸನ್ ಟಿಕೆಟ್ 1,140 ಪೌಂಡ್, ಅಂದರೆ ಮ್ಯಾಚಿಗೆ 60. ಪ್ರೀಮಿಯಂ 3,800 ಪೌಂಡ್, ಅಂದರೆ ಮ್ಯಾಚಿಗೆ 200. ವ್ಯತ್ಯಾಸ 140. ಈಗ ನೀವು 13 ಮ್ಯಾಚಿಗೆ ಮಾತ್ರ ಹೋಗುತ್ತೀರಿ ಅಂದುಕೊಳ್ಳಿ. ಸಾಮಾನ್ಯ ಸೀಟು ಮ್ಯಾಚಿಗೆ 88 ಪೌಂಡ್ ಆಯಿತು. ಪ್ರೀಮಿಯಂ 292 ಆಯಿತು. ವ್ಯತ್ಯಾಸ 140ರಿಂದ 205ರ ಹತ್ತಿರಕ್ಕೆ ಹಾರಿತು. ಸೀಟು ದುಬಾರಿಯಾದಷ್ಟೂ ಹೋಗದ ಮ್ಯಾಚಿನ ಪೆಟ್ಟು ಜೋರು ಅಂತ ಇದರ ಅರ್ಥ.

ಹಾಗಾದರೆ ಹೋಗದ ಮ್ಯಾಚಿನ ಸೀಟು ಬೇರೆಯವರಿಗೆ ಮಾರಬಹುದಲ್ವಾ? ಇಲ್ಲಿ ಹುಷಾರಾಗಿರಬೇಕು. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು ಅಪರಾಧ. 1994ರ ಕಾನೂನಿನಲ್ಲೇ ಇದೆ. ಬೇರೆ ಸಿನಿಮಾ, ಸಂಗೀತದ ಟಿಕೆಟ್ಟಿಗೆ ಅಷ್ಟು ಬಿಗಿ ಇಲ್ಲದ ಕಾಲದಲ್ಲೂ ಫುಟ್‌ಬಾಲಿಗೆ ಇತ್ತು. ಎರಡು ತಂಡಗಳ ಅಭಿಮಾನಿಗಳು ಬೆರೆತು ಗಲಾಟೆ ಆಗಬಾರದು ಅನ್ನೋದು ಅದರ ಹಿಂದಿನ ಕಾರಣ. ಆಫೀಸಿನ ಗೆಳೆಯನಿಗೆ ನಾಲ್ಕು ಪೌಂಡ್ ಲಾಭಕ್ಕೆ ಕೊಟ್ಟರೂ ಸೀಟು ಹೋಗಬಹುದು, ಕೇಸೂ ಆಗಬಹುದು. ವೀಸಾದ ಮೇಲೆ ಇರುವ ಹುಡುಗರು ಇದರ ಹತ್ತಿರವೂ ಹೋಗಬಾರದು.

ನ್ಯಾಯವಾದ ದಾರಿ ಅಂದರೆ ಕ್ಲಬ್ಬಿನದೇ ಟಿಕೆಟ್ ಎಕ್ಸ್‌ಚೇಂಜ್. ನೀವು ಹೋಗದ ದಿನದ ಸೀಟನ್ನು ಅಲ್ಲಿ ಬಿಟ್ಟರೆ, ಬೇರೊಬ್ಬ ಸದಸ್ಯ ಕೊಂಡರೆ, ನಿಮ್ಮ ಪಾಲು ವಾಪಸ್ ಬರುತ್ತದೆ. ಮೇಲಿನ ಲೆಕ್ಕದಲ್ಲಿ ಹೋಗದ 6 ಮ್ಯಾಚಿನ ಹಣ ಪೂರ್ತಿ ಬಂದರೆ 1,200 ಪೌಂಡ್. ಸಾಮಾನ್ಯ ಸೀಟಿನ 6 ಮ್ಯಾಚಿನ ಹಣವೂ ಹಾಗೇ ಬಂದರೆ ವ್ಯತ್ಯಾಸ ಮತ್ತೆ 140ಕ್ಕೆ ಇಳಿಯುತ್ತದೆ. ಅಷ್ಟು ದೊಡ್ಡ ಪರಿಣಾಮ. ಆದರೆ ಕೊಳ್ಳುವವನು ಸಿಗಬೇಕು. ದೊಡ್ಡ ಮ್ಯಾಚಿಗೆ ಸಿಗುತ್ತಾನೆ. ಚಳಿಗಾಲದ ಮಂಗಳವಾರ ರಾತ್ರಿ, ಎದುರಿಗೆ ಕೊನೆಯ ಸ್ಥಾನದ ತಂಡ, ಆಗ ದುಬಾರಿ ಸೀಟು ಯಾರು ಕೊಳ್ಳುತ್ತಾರೆ? ನೀವು ತಪ್ಪಿಸುವ ಮ್ಯಾಚು ಕೂಡ ಬಹಳ ಸಲ ಅದೇ ಆಗಿರುತ್ತದೆ. ಕೆಲವು ಕ್ಲಬ್ಬು ಹಣವನ್ನು ಕೈಗೆ ಕೊಡುವುದಿಲ್ಲ, ಮುಂದಿನ ವರ್ಷದ ನವೀಕರಣಕ್ಕೆ ಜಮಾ ಹಾಕುತ್ತವೆ. ಜಮಾ ಅಂದ ಮೇಲೆ ಮುಂದಿನ ವರ್ಷವೂ ಕೊಳ್ಳಲೇಬೇಕು ಅಂತ ಆಯಿತು.

ಮ್ಯಾಚಿನ ದಿನವೇ ಬದಲಾಗುವುದು ಇನ್ನೊಂದು ತೊಂದರೆ. ವೇಳಾಪಟ್ಟಿ ಬೇಸಿಗೆಯಲ್ಲೇ ಬರುತ್ತದೆ. ಆಮೇಲೆ ಟಿವಿಯವರು ತಮಗೆ ಬೇಕಾದ ಮ್ಯಾಚನ್ನು ಶುಕ್ರವಾರ ರಾತ್ರಿಗೆ, ಭಾನುವಾರಕ್ಕೆ, ಸೋಮವಾರಕ್ಕೆ ಎಳೆಯುತ್ತಾರೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅಂತ ನೀವು ಕೊಂಡದ್ದು ಸೋಮವಾರ ರಾತ್ರಿ ಎಂಟಕ್ಕೆ ಹೋಗಿರುತ್ತದೆ. ಇಲ್ಲಿಂದ ವಿಮಾನದ ಟಿಕೆಟ್ ಮಾಡಿಸಿಕೊಂಡು ಹೋಗುವವರಂತೂ ಮ್ಯಾಚಿನ ಹಿಂದೆ ಮುಂದೆ ಮೂರು ದಿನ ಬಿಟ್ಟುಕೊಂಡೇ ಮಾಡಿಸಬೇಕು.

ಆ 140 ಪೌಂಡಿಗೆ ಏನು ಸಿಗುತ್ತದೆ?

ಮೆತ್ತನೆಯ ಅಗಲ ಕುರ್ಚಿ. ಕಾಲು ಚಾಚಲು ಜಾಗ. ಮೈದಾನದ ಉದ್ದದ ಬದಿಯಲ್ಲಿ, ನಡುಗೆರೆಯ ಆಸುಪಾಸು, ಸ್ವಲ್ಪ ಎತ್ತರದಲ್ಲಿ ಜಾಗ. ಆಟ ಅರ್ಥವಾಗಬೇಕಾದರೆ ಈ ಎತ್ತರ ನಿಜಕ್ಕೂ ಬೇಕು. ತೀರ ಕೆಳಗೆ ಕೂತರೆ ಆಟಗಾರನ ಬೆವರು ಕಾಣುತ್ತದೆ, ಆದರೆ ಎಡಬದಿಯ ಡಿಫೆಂಡರ್ ಯಾವಾಗ ಮುಂದೆ ಓಡಿದ ಅನ್ನೋದು ಕಾಣುವುದಿಲ್ಲ. ಎತ್ತರದಿಂದ ಇಡೀ ತಂಡ ಒಂದು ಬಲೆಯ ಹಾಗೆ ಹಿಗ್ಗಿ ಕುಗ್ಗುವುದು ಕಾಣುತ್ತದೆ. ನನಗೆ ಇದರಲ್ಲೇ ಜಾಸ್ತಿ ಖುಷಿ. ಒಳ್ಳೆಯ ನೋಟಕ್ಕೆ ಹಣ ಕೊಡುವುದು ದಂಡ ಅಂತ ನಾನು ಹೇಳುವುದಿಲ್ಲ.

ಆಮೇಲೆ ಲೌಂಜ್. ಇದರ ಬೆಲೆ ಗೊತ್ತಾಗಬೇಕಾದರೆ ಒಂದು ಕಾನೂನು ತಿಳಿದಿರಬೇಕು. 1985ರಿಂದ ಇಂಗ್ಲೆಂಡಿನಲ್ಲಿ ಮೈದಾನ ಕಾಣುವ ಜಾಗದಲ್ಲಿ ಕೂತು ಬಿಯರ್ ಕುಡಿಯುವ ಹಾಗಿಲ್ಲ. ಸಾಮಾನ್ಯ ಸೀಟಿರಲಿ, ಪ್ರೀಮಿಯಂ ಇರಲಿ, ಗ್ಲಾಸು ಹಿಡಿದು ಸೀಟಿಗೆ ಬರುವಂತಿಲ್ಲ. ಹಾಗಾಗಿ ಬಹಳ ಜನ ಕುಡಿಯುವುದು, ತಿನ್ನುವುದು, ಶೌಚಾಲಯಕ್ಕೆ ಹೋಗುವುದು ಅರ್ಧ ಸಮಯದ 15 ನಿಮಿಷದಲ್ಲಿ. ಸಾಮಾನ್ಯ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಗ ಹುಬ್ಬಳ್ಳಿಯ ಹಳೇ ಬಸ್ ಸ್ಟ್ಯಾಂಡಿನಲ್ಲಿ ಹಬ್ಬದ ಹಿಂದಿನ ದಿನ ಇರುವಷ್ಟು ಜನ. ಲೌಂಜಿನವರಿಗೆ ಬೆಚ್ಚಗಿನ ಕೋಣೆ, ಹೆಚ್ಚು ಕೌಂಟರು, ಕಡಿಮೆ ಪಾಳಿ. ಕೆಲವು ಕಡೆ ಅರ್ಧ ಸಮಯದ ಪಾನೀಯ ಬೆಲೆಯಲ್ಲೇ ಸೇರಿರುತ್ತದೆ. ಉಳಿದ ಊಟ, ಕುಡಿತ ಬಹಳ ಕಡೆ ಬೇರೆ ಬಿಲ್ಲು. 'ಲೌಂಜಿಗೆ ಪ್ರವೇಶ ಇದೆ' ಅಂದರೆ ಊಟ ಇದೆ ಅಂತ ಅರ್ಥ ಅಲ್ಲ, ಒಳಗೆ ಹೋಗಿ ಕೊಳ್ಳಬಹುದು ಅಂತ ಅರ್ಥ. ನಮ್ಮ ಹೋಟೆಲುಗಳ ಎಸಿ ಹಾಲಿನ ಹಾಗೆ. ದೋಸೆ ಅದೇ, ಕೂರುವ ಜಾಗಕ್ಕೆ ಬೇರೆ ದರ.

ಬೆಲೆಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಜೊತೆಗೆ ವ್ಯಾಟ್' ಅಂತ ಇದೆಯೋ ನೋಡಿ. ಅಲ್ಲಿ ವ್ಯಾಟ್ ಶೇ. 20. ಹಾಸ್ಪಿಟಾಲಿಟಿ ದರಗಳನ್ನು ಕಂಪನಿಗಳಿಗೆ ಅಂತ ತೆರಿಗೆ ಬಿಟ್ಟು ಬರೆಯುವ ರೂಢಿ ಇದೆ. 3,800 ಅಂದದ್ದು 4,560 ಆಗಬಹುದು. ನಮ್ಮಲ್ಲೂ ಈ ಪಾಠ ಹೊಸದಲ್ಲ. 2025ರ ಸೆಪ್ಟೆಂಬರಿನಿಂದ ಐಪಿಎಲ್ ಟಿಕೆಟ್ಟಿಗೆ ಶೇ. 40 ಜಿಎಸ್‌ಟಿ ಬಿತ್ತು. ಕಂಪನಿ ಹೆಸರಲ್ಲಿ ಕೊಂಡು ಖರ್ಚು ಹಾಕಿಬಿಡೋಣ ಅನ್ನುವವರಿಗೂ ಒಂದು ಮಾತು. ಇಂಗ್ಲೆಂಡಿನಲ್ಲಿ ಗಿರಾಕಿಗಳನ್ನು ರಂಜಿಸುವ ಖರ್ಚಿಗೆ ತೆರಿಗೆಯಲ್ಲಿ ಕಡಿತ ಸಿಗುವುದಿಲ್ಲ. ಅಮೆರಿಕದಲ್ಲಿ ಕಾಲೇಜು ತಂಡಗಳ ಒಳ್ಳೆ ಸೀಟಿಗಾಗಿ ಕೊಟ್ಟ ದೇಣಿಗೆಯಲ್ಲಿ ಶೇ. 80 ಭಾಗಕ್ಕೆ ಕಡಿತ ಇತ್ತು, 2017ರ ತೆರಿಗೆ ಕಾನೂನು ಅದನ್ನೂ ತೆಗೆಯಿತು.

ಇನ್ನು ಕರಾರು. ಒಂದು ವರ್ಷದ್ದೋ ಮೂರು ವರ್ಷದ್ದೋ? ಪ್ರತಿ ವರ್ಷ ಬೆಲೆ ಏರುತ್ತದೆಯೇ, ಎಷ್ಟು ಏರಬಹುದು ಅಂತ ಮಿತಿ ಇದೆಯೇ? ಕೇಳದೆಯೇ ತಾನಾಗಿ ನವೀಕರಣ ಆಗುತ್ತದೆಯೇ? ಊರು ಬಿಟ್ಟರೆ ಏನು? ಅಣ್ಣನ ಮಗನಂಥವರಿಗೆ ಈ ಕೊನೆಯ ಪ್ರಶ್ನೆಯೇ ಮುಖ್ಯ. ಕಂಪನಿ ನಾಳೆ ಬರ್ಲಿನ್‌ಗೆ ಕಳಿಸಿದರೆ ಮೂರು ವರ್ಷದ ಕರಾರು ಕೊರಳಿಗೆ ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ವಸ್ತುವೊಂದು ಈ ಪಟ್ಟಿಯಲ್ಲಿ ಬರೆದೇ ಇರುವುದಿಲ್ಲ. ಅದು ಪಾಳಿ. ದೊಡ್ಡ ಕ್ಲಬ್ಬುಗಳಲ್ಲಿ ಸಾಮಾನ್ಯ ಸೀಸನ್ ಟಿಕೆಟ್ಟಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು. ಪ್ರೀಮಿಯಂಗೆ ಕಾಯುವುದು ಬಹಳ ಕಡಿಮೆ. ಅಂದರೆ ಬಹುಪಾಲು ಜನ ಆ ಹೆಚ್ಚಿನ ಹಣ ಕೊಡುವುದು ಕುರ್ಚಿಗಲ್ಲ, ಪಾಳಿ ಮುರಿದು ಒಳಗೆ ಹೋಗಲು. ಕುರ್ಚಿ, ಬಿಯರು, ಬೆಚ್ಚಗಿನ ಕೋಣೆ ಅದರ ಮೇಲಿನ ಒಗ್ಗರಣೆ. ಇದನ್ನು ತಪ್ಪು ಅನ್ನುತ್ತಿಲ್ಲ. ಆದರೆ ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆ ಅಂತ ಕೊಡುವವನಿಗೆ ಗೊತ್ತಿರಬೇಕು. ಪಾಳಿಯೇ ನಿಮ್ಮ ತೊಂದರೆ ಆಗಿದ್ದರೆ ಅದಕ್ಕೆ ಅಗ್ಗದ ದಾರಿಗಳೂ ಇವೆ. ಅಗ್ಗದ ಮೆಂಬರ್‌ಶಿಪ್ ಇಟ್ಟುಕೊಂಡು, ಮ್ಯಾಚಿನ ವಾರ ಬೆಳಿಗ್ಗೆ ಸಂಜೆ ಎಕ್ಸ್‌ಚೇಂಜ್ ನೋಡುತ್ತಾ ಇರುವುದು ಒಂದು. ಇನ್ನೊಂದು, ಬೇರೆ ಊರಿನ ಮ್ಯಾಚಿಗೆ ಹೋಗುವುದು. ಪ್ರೀಮಿಯರ್ ಲೀಗಿನಲ್ಲಿ ಹೊರಗಿನಿಂದ ಬರುವ ಅಭಿಮಾನಿಗಳ ಟಿಕೆಟ್ಟಿಗೆ 2016ರಲ್ಲಿ 30 ಪೌಂಡ್ ಮಿತಿ ಹಾಕಿದರು. ಅದಕ್ಕೂ ಪಾಳಿ ಇದೆ ನಿಜ, ಆದರೆ ಸಿಕ್ಕಿದ ದಿನ ಅದರಷ್ಟು ಗದ್ದಲದ ಜಾಗ ಇನ್ನೊಂದಿಲ್ಲ.

ಸಿಳ್ಳೆ ಎಲ್ಲಿಂದ ಬರುತ್ತದೆ?

ಜಾತ್ರೆಗೆ ಬಂದ ನಾಟಕ ಕಂಪನಿಯ ತಂಬೂ ನೆನಪಿರಬೇಕಲ್ವಾ? ಮುಂದೆ ಸೋಫಾ, ಅದರ ಹಿಂದೆ ಕುರ್ಚಿ, ಕೊನೆಗೆ ನೆಲ. ಸೋಫಾದವರಿಗೆ ಪಾತ್ರಧಾರಿಯ ಮುಖದ ಬಣ್ಣ ಕಾಣುತ್ತದೆ. ಆದರೆ ಸಿಳ್ಳೆ ಬರುವುದು ಹಿಂದಿನಿಂದ. ಹಾಸ್ಯದ ಪಾತ್ರದವನು ಮಾತು ಎಸೆಯುವುದೂ ಹಿಂದಿನವರ ಕಡೆಗೇ, ಯಾಕೆಂದರೆ ಅಲ್ಲಿಂದ ವಾಪಸ್ ಬರುತ್ತದೆ. ಗದಗಿನಲ್ಲಿ ಸೋದರಮಾವನ ಜೊತೆ ಒಮ್ಮೆ ಸೋಫಾದಲ್ಲಿ ಕೂತು, ಇಡೀ ನಾಟಕ ಹಿಂದಕ್ಕೆ ತಿರುಗಿ ತಿರುಗಿ ನೋಡಿದ್ದೆ.

ಫುಟ್‌ಬಾಲಿನಲ್ಲೂ ಹಾಗೇ. ಗೋಲಿನ ಹಿಂದಿನ ಅಗ್ಗದ ಸ್ಟ್ಯಾಂಡಿನಲ್ಲೇ ಹಾಡು ಹುಟ್ಟುತ್ತದೆ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ದಕ್ಷಿಣ ತುದಿಯ ಕಟ್ಟೆಯಲ್ಲಿ 24 ಸಾವಿರಕ್ಕಿಂತ ಜಾಸ್ತಿ ಜನ ನಿಂತೇ ನೋಡುತ್ತಾರೆ. ಅದನ್ನು ಹಳದಿ ಗೋಡೆ ಅಂತಾರೆ. ಬಾಯರ್ನ್ ಮ್ಯೂನಿಕ್‌ನಲ್ಲಿ ನಿಂತು ನೋಡುವ ಸೀಸನ್ ಟಿಕೆಟ್ ಕೆಲ ವರ್ಷಗಳ ಹಿಂದೆ 150 ಯೂರೋ ಆಸುಪಾಸು ಇತ್ತು, 17 ತವರು ಮ್ಯಾಚಿಗೆ. ಅಂದರೆ ಮ್ಯಾಚಿಗೆ 9 ಯೂರೋ. ಆ ಸ್ಟೇಡಿಯಂನಲ್ಲೂ ದುಬಾರಿ ಬಾಕ್ಸುಗಳಿವೆ. ಆದರೆ ಬಾಕ್ಸಿನವರು ನೋಡಲು ಬರುವ ದೃಶ್ಯದಲ್ಲಿ ಅರ್ಧ ಈ 9 ಯೂರೋದವರೇ ಅನ್ನೋದನ್ನು ಅಲ್ಲಿಯ ಕ್ಲಬ್ಬುಗಳು ಮರೆತಿಲ್ಲ.

ನಮ್ಮ ಕಂಠೀರವದಲ್ಲೂ ಇದನ್ನು ಕಣ್ಣಾರೆ ನೋಡಿದ್ದೇನೆ. ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾದ ಮೇಲೆ ಎರಡು ಸಲ ಹೋಗಿದ್ದೆ. ಒಂದು ಸಲ ಚಾವಣಿ ಇರುವ ಕಡೆ ದುಬಾರಿ ಟಿಕೆಟ್. ಆ ಸ್ಟೇಡಿಯಂನಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಎಷ್ಟೇ ಹಣ ಕೊಟ್ಟರೂ ಆಟ ಟ್ರ್ಯಾಕಿನ ಆಚೆಗೇ ಇರುತ್ತದೆ. ಇನ್ನೊಂದು ಸಲ, ಕ್ಲಬ್ಬಿನ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್ ಹುಡುಗರ ನಡುವೆ. 90 ನಿಮಿಷ ನಿಂತೇ ಇದ್ದೆವು. ಪಕ್ಕದವನು ಗುರುತಿಲ್ಲದವನು, ಗೋಲಾದಾಗ ನನ್ನ ಭುಜ ಹಿಡಿದು ಅಲ್ಲಾಡಿಸಿದ. ಗಂಟಲು ಕಟ್ಟಿ, ರಾತ್ರಿಯ ರೈಲಿನಲ್ಲಿ ಹುಬ್ಬಳ್ಳಿಗೆ ಬರುವಾಗ ಟಿಟಿಗೆ ಹೆಸರು ಹೇಳೋಕೂ ದನಿ ಬರಲಿಲ್ಲ. ಎರಡರಲ್ಲಿ ಯಾವುದು ನೆನಪಿದೆ ಅಂತ ಕೇಳಿದರೆ, ಎರಡನೆಯದು.

ಹುಬ್ಬಳ್ಳಿ-ಧಾರವಾಡದ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ, ಇಲ್ಲಿಂದ ಯಾವ ಕ್ಲಬ್ಬಿನ ಸೀಸನ್ ಟಿಕೆಟ್ ಮಾಡಿಸಬಹುದು ಅಂತ. ನಮಗೆ ಬೆಂಗಳೂರು 400 ಕಿ.ಮೀ.ಗಿಂತ ಜಾಸ್ತಿ. ಎಫ್‌ಸಿ ಗೋವಾ ಆಡುವ ಮಡಗಾಂವ್‌ನ ಫತೋರ್ಡಾ ಅದರ ಅರ್ಧಕ್ಕಿಂತ ಕಡಿಮೆ, ಘಟ್ಟ ಇಳಿದರೆ ಬಂತು. ಆದರೂ ಇಡೀ ಸೀಸನ್ನಿಗೆ ಹಣ ಕಟ್ಟುವ ಮೊದಲು ಯೋಚಿಸಿ. 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಒಂದು ತಂಡಕ್ಕೆ ತವರಿನಲ್ಲಿ 12 ಲೀಗ್ ಮ್ಯಾಚು ಇದ್ದವು, ಎಷ್ಟೋ ವಾರದ ನಡುವಿನ ದಿನ. ಕೊರೊನಾದ ಎರಡು ಸೀಸನ್ ಇಡೀ ಲೀಗು ಹೆಚ್ಚುಕಡಿಮೆ ಪ್ರೇಕ್ಷಕರಿಲ್ಲದೆ ಗೋವಾದಲ್ಲೇ ನಡೆಯಿತು. 2025ರ ಜುಲೈಯಲ್ಲಿ, ಭಾರತದ ಫುಟ್‌ಬಾಲ್ ಫೆಡರೇಷನ್ ಜೊತೆಗಿನ 15 ವರ್ಷದ ಒಪ್ಪಂದ ಮುಗಿಯುತ್ತಾ ಬಂದಿದ್ದರಿಂದ, ಹೊಸ ಸೀಸನ್ನನ್ನೇ ತಡೆಹಿಡಿದರು. ಆಟಗಾರರ ಹೊಟ್ಟೆಪಾಡಿಗೇ ಕುತ್ತು ಬಂದ ಕಾಲ ಅದು. ಹಾಗಾಗಿ ನಾನು ಹೇಳುವುದು, ಬಿಡಿ ಟಿಕೆಟ್ ಕೊಳ್ಳಿ, ಮೂರು ನಾಲ್ಕು ಜನ ಸೇರಿ ಹೋಗಿ, ಆದರೆ ಹೋಗಿ. ಖಾಲಿ ಸ್ಟ್ಯಾಂಡ್ ನೋಡಿ ಯಾವ ಲೀಗೂ ಉಳಿಯುವುದಿಲ್ಲ. ಇಲ್ಲಿ ಕೂತು ಇಂಗ್ಲೆಂಡಿನ ಕ್ಲಬ್ಬಿಗೆ ಮೆಂಬರ್‌ಶಿಪ್ ಹಣ ಕಟ್ಟುವವರಿಗೂ ಅದೇ ಮಾತು. ಒಂದು ಸ್ಕಾರ್ಫ್, ಒಂದು ಕಾರ್ಡು, ಕೆಲವು ವಿಡಿಯೋ ಬರುತ್ತವೆ. ಪ್ರೀತಿಗೆ ಕೊಡುವುದಾದರೆ ಕೊಡಿ. ಸೀಟಿಗೆ ಅಂತ ಕೊಡಬೇಡಿ.

ಎರಡನೇ ದಿನ ಅಣ್ಣನ ಮಗನ ಲೆಕ್ಕ ಬಂತು. ಪಾಪ, ಶ್ರದ್ಧೆಯಿಂದ ಮಾಡಿದ್ದ. 19 ತವರು ಮ್ಯಾಚಿನಲ್ಲಿ 7ಕ್ಕೆ ಹೋಗಿದ್ದ. 6ಕ್ಕೆ ಅರ್ಜಿ ಹಾಕಿ ಟಿಕೆಟ್ ಸಿಕ್ಕಿರಲಿಲ್ಲ. ಉಳಿದ 6ಕ್ಕೆ ಅವನೇ ಹೋಗುವಂತಿರಲಿಲ್ಲ. ದೀಪಾವಳಿಗೆ ಊರಿಗೆ ಬಂದದ್ದು, ಆಫೀಸಿನ ಕೆಲಸ, ಒಂದು ಸಲ ಜ್ವರ. ಅಂದರೆ ಸೀಟು ಇದ್ದಿದ್ದರೆ 13.

ನಾನು ಮೇಲಿನ ಕಾಲ್ಪನಿಕ ಬೆಲೆಯಲ್ಲೇ ಅವನಿಗೆ ಕೂಡಿ ಕಳೆದು ತೋರಿಸಿದೆ. ಈಗ 7 ಮ್ಯಾಚಿಗೆ ತಲಾ 60ರಂತೆ 420 ಪೌಂಡ್ ಖರ್ಚು. ಪ್ರೀಮಿಯಂ ತಗೊಂಡರೆ 3,800. ಹೆಚ್ಚಿಗೆ ಕೊಡುವ 3,380 ಪೌಂಡಿಗೆ ಸಿಗುವುದು ಹೊಸದಾಗಿ 6 ಮ್ಯಾಚು, ಮತ್ತೆ ಈಗಾಗಲೇ ನೋಡುತ್ತಿರುವ 7 ಮ್ಯಾಚಿಗೆ ಮೆತ್ತನೆಯ ಕುರ್ಚಿ. ಎಕ್ಸ್‌ಚೇಂಜಿನಲ್ಲಿ 6 ಸೀಟೂ ಮಾರಿಹೋದರೂ 2,180 ಆಗುತ್ತದೆ. "ಇದನ್ನ ರೂಪಾಯಿಗೆ ತಿರುಗಿಸಬ್ಯಾಡ. ನೀ ದುಡಿಯೋದು ಪೌಂಡಿನ್ಯಾಗ. ನಿನ್ನ ಬಾಡಿಗಿ ಕೊಟ್ಟು, ಊರಿಗೆ ಕಳಿಸಿ, ಉಳಿಯೋ ರೊಕ್ಕದಾಗ ಇದು ಎಷ್ಟು ತಿಂಗಳದ್ದು, ಅದನ್ನ ನೋಡು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ತಿಂಗಳದ್ದು ಕಾಕಾ" ಅಂದ.

ಗಿರಾಕಿಗಳನ್ನು ಕರೆದುಕೊಂಡು ಹೋಗುವ ವ್ಯಾಪಾರಸ್ಥನಿಗೆ, ವರ್ಷಕ್ಕೆ ಹದಿನೇಳು ಹದಿನೆಂಟು ಮ್ಯಾಚಿಗೆ ತಪ್ಪದೆ ಹೋಗುವವನಿಗೆ, ಚಳಿಯಲ್ಲಿ ಕೂರಲಾಗದ ವಯಸ್ಸಿನವರಿಗೆ ಈ ಸೀಟು ಕೊಟ್ಟ ಹಣಕ್ಕೆ ಸರಿ ಹೋಗುತ್ತದೆ. ಇವನಿಗೆ 29 ವರ್ಷ, ಒಬ್ಬನೇ ಇದ್ದಾನೆ, ಹಾಡಬೇಕು ಕೂಗಬೇಕು ಅನ್ನುವವನು. ಈ ವರ್ಷ ಬೇಡ ಅಂತ ಅವನೇ ನಿರ್ಧಾರ ಮಾಡಿದ. ಸಾಮಾನ್ಯ ಸೀಸನ್ ಟಿಕೆಟ್ಟಿನ ಪಾಳಿಗೆ ಹೆಸರು ಬರೆಸಿದ್ದಾನೆ.

ಆದರೆ ಒಂದು ಮ್ಯಾಚಿಗೆ ದುಬಾರಿ ಸೀಟು ಕೊಳ್ಳಲು ನಾನೇ ಹೇಳಿದ್ದೇನೆ. ಏಪ್ರಿಲ್‌ನಲ್ಲಿ ಅಣ್ಣ, ವೈನಿ ಮಗನನ್ನು ನೋಡಲು ಹೋಗುತ್ತಿದ್ದಾರೆ. ಅಣ್ಣನೇ ನನ್ನನ್ನು ಮೊದಲ ಸಲ ರೈಲ್ವೆ ಮೈದಾನಕ್ಕೆ ಕರೆದುಕೊಂಡು ಹೋದವನು. ಈಗ ಅವನಿಗೆ ಮಂಡಿ ನೋವು, ಥಂಡಿ ತಡೆಯುವುದಿಲ್ಲ. ಲಿಫ್ಟಿನಿಂದ ಸೀಟಿಗೆ ಎಷ್ಟು ಮೆಟ್ಟಿಲು ಇಳಿಯಬೇಕು ಅಂತ ಕ್ಲಬ್ಬಿಗೆ ಮೇಲ್ ಬರೆದು ಕೇಳು, ಉತ್ತರ ಬಂದ ಮೇಲೆ ಹಣ ಕಟ್ಟು ಅಂತ ಹುಡುಗನಿಗೆ ಹೇಳಿದ್ದೇನೆ.